ಸೋಮನಿಗೆ ಮೊಳೆ ಹೊಡೆಯಬೇಡಿ

ನಿಮ್ಮ ಮನೆ ಹಾಲಿನಲ್ಲಿ, ಟಿವಿ ಪಕ್ಕದ ಗೋಡೆಗೆ ನೇತುಹಾಕಿರೋ ಆಫ್ರಿಕಾದ ಮರದ ಮುಖವಾಡದ ಬಗ್ಗೆ ನನಗೆ ತಕರಾರಿಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ. ಉದ್ದ ಮೂಗು, ಸೀಳುಗಣ್ಣು, ಗಲ್ಲದ ಕೆಳಗೆ ನಾರಿನ ಗಡ್ಡ, ಮೇಲಿಂದ ಬೀಳೋ ಹಳದಿ ಲೈಟು. "ಘಾನಾದ್ದು, ತುಂಬಾ ಹಳೇದು" ಅಂತ ಅಂಗಡಿಯವನು ಹೇಳಿರ್ತಾನೆ, ಮನೆಗೆ ಬಂದ ನೆಂಟರಿಗೆ ನೀವೂ ಅದನ್ನೇ ಹೇಳಿರ್ತೀರಿ. ಬಹುಶಃ ಅದು ಹಳೇದಲ್ಲ. ಪಶ್ಚಿಮ ಆಫ್ರಿಕಾದಿಂದ ಪ್ರವಾಸಿಗಳ ಬ್ಯಾಗು ಸೇರೋ ಮುಖವಾಡಗಳಲ್ಲಿ ಬಹುಪಾಲು ಮಾರಾಟಕ್ಕೆ ಅಂತಲೇ ಕೆತ್ತಿದವು. ಹೊಗೆ ಕೊಟ್ಟು ಕಪ್ಪಾಗಿಸಿ, ಮಣ್ಣಲ್ಲಿ ಹೂತಿಟ್ಟು, ಗೆದ್ದಲು ತಿಂದ ಹಾಗೆ ಮಾಡಿ ಅವಕ್ಕೆ ವಯಸ್ಸು ಬರಿಸ್ತಾರೆ. ಒಳ್ಳೇದೇ ಆಯ್ತು ಬಿಡಿ. ಆ ಸುಳ್ಳಿನಿಂದ ಎಲ್ಲೋ ಒಬ್ಬ ಕೆತ್ತನೆಯವನ ಮನೆ ಒಲೆ ಉರಿದಿದೆ, ಯಾವ ಊರಿನ ದೇವರ ಮುಖವೂ ಕಾಣೆಯಾಗಿಲ್ಲ.

ನನ್ನ ಜಗಳ ನಿಜವಾದ ಹಳೇದರ ಬಗ್ಗೆ. ಅದರಲ್ಲೂ ನಮ್ಮ ಕಡೆಯದರ ಬಗ್ಗೆ.

ಪರಿಚಯದವರೊಬ್ಬರು ಹೊಸ ಫ್ಲ್ಯಾಟಿಗೆ ಇಂಟೀರಿಯರ್ ಮಾಡಿಸ್ತಿದ್ದಾರೆ. ಡಿಸೈನರ್ ಕಳಿಸಿದ ನಾಲ್ಕಾರು ಫೋಟೊಗಳನ್ನು ನನಗೆ ವಾಟ್ಸ್ಯಾಪ್ ಮಾಡಿ, "ಇದ್ರಲ್ಲಿ ಯಾವ್ದು ಆಫ್ರಿಕಂದು, ಯಾವ್ದು ಬಾಲಿದು, ನಿಂಗೇನಾದ್ರೂ ಗೊತ್ತಾಗತ್ತಾ?" ಅಂದರು. ಮೂರನೇ ಫೋಟೊ ನೋಡಿ ಕೈ ನಿಂತಿತು. ಕೆಂಪು ಬಳಿದ ಅಗಲ ಮುಖ, ಹೊರಗೆ ಬಂದ ಗುಡ್ಡೆಗಣ್ಣು, ದಪ್ಪ ಮೀಸೆ. ಹಣೆಯ ಮೇಲೆ ಬಣ್ಣದ ಕೆಳಗೆ ಬಣ್ಣ, ಅದರ ಕೆಳಗೆ ಇನ್ನೊಂದು ಬಣ್ಣ. ಕೆಳಗೆ ಬರೆದಿದ್ದು: ವಿಂಟೇಜ್ ಟ್ರೈಬಲ್ ಮಾಸ್ಕ್. ಅದು ಆಫ್ರಿಕಾದ್ದೂ ಅಲ್ಲ, ಬಾಲಿಯದ್ದೂ ಅಲ್ಲ ಸ್ವಾಮಿ. ಅದು ಸೋಮ. ಎಲ್ಲಿಂದ ಬಂತು ಅಂತ ಕೇಳಿಸಿದ್ದಕ್ಕೆ ಬಂದ ಉತ್ತರ, "ಚಿತ್ರದುರ್ಗ ಸೈಡ್."

ಸೈಡ್ ಅಂತೆ. ಊರಿನ ಹೆಸರಿಲ್ಲ, ಗುಡಿಯ ಹೆಸರಿಲ್ಲ.

ಗೊತ್ತಿಲ್ಲದವರಿಗಾಗಿ: ಸೋಮ ಅಂದರೆ ಗ್ರಾಮದೇವತೆಯ ಕಾವಲಿನವನು. ಅಮ್ಮ ಗುಡಿ ಬಿಟ್ಟು ಊರೊಳಗೆ ಹೊರಟರೆ ಮುಂದೆ ಕುಣಿದು ದಾರಿ ಬಿಡಿಸೋನು. ತುಮಕೂರು, ಹಾಸನ, ಮಂಡ್ಯ, ಬೆಂಗಳೂರು ಸೀಮೆಯ ಜೊತೆ ನಮ್ಮ ಚಿತ್ರದುರ್ಗಕ್ಕೂ ಸೇರಿದವನು. ಶಿವರಾತ್ರಿ ಕಳೆದು ಯುಗಾದಿ ಆಸುಪಾಸು ಬಂದರೆ ಊರ ಹಬ್ಬಗಳ ಕಾಲ, ಸೋಮ ಪೆಟ್ಟಿಗೆಯಿಂದ ಹೊರಗೆ ಬರೋ ಕಾಲ. ಮುಖವನ್ನು ರಕ್ತಚಂದನದ ಮರದಲ್ಲಿ ಕೆತ್ತೋದು ವಾಡಿಕೆ. ಕೆಂಪು ಸೋಮ ಸೌಮ್ಯ. ಹಳದಿ, ಕಪ್ಪು ಸೋಮಗಳ ಹತ್ತಿರ ಸ್ವಲ್ಪ ಹುಷಾರಾಗಿರಬೇಕು. ತಲೆಗೆ ಪುಟ್ಟ ಕಿರೀಟ, ನವಿಲುಗರಿ ಇಲ್ಲವೇ ಬಣ್ಣದ ಕಾಗದದ ಹೂವು, ಬಿದಿರಿನ ಮೊರ, ಇಳಿಬಿಟ್ಟ ಬಣ್ಣದ ಬಟ್ಟೆ, ಕೈಯಲ್ಲಿ ಬೆತ್ತ, ಜೊತೆಗೆ ಬೇವಿನ ಸೊಪ್ಪು. ಅರೆ ಬಡೀಬೇಕು, ಮೌರಿ ಊದಬೇಕು. ಮುಖ ಹೊರುವ ಹಕ್ಕು ಬಹಳ ಕಡೆ ಗಂಗಾಮತಸ್ಥರದ್ದು. ಇಷ್ಟೂ ಸೇರಿದರೆ ಸೋಮ. ಇದರಲ್ಲಿ ಬರೀ ಮರದ ತುಂಡನ್ನು ಬಿಚ್ಚಿಕೊಂಡು ಬಂದು ಗೋಡೆಗೆ ಮೊಳೆ ಹೊಡೆದರೆ ನಿಮ್ಮ ಹತ್ತಿರ ಇರೋದು ಏನು? ಮದುವಣಗಿತ್ತಿಯ ಬಾಸಿಂಗ ಬಿಚ್ಚಿಕೊಂಡು ಬಂದು "ನಮ್ಮನೇಲೊಂದು ಮದುವೆ ಇದೆ" ಅಂದ ಹಾಗೆ.

ನೈಜೀರಿಯಾ, ಬೆನಿನ್, ಟೋಗೊ ದೇಶಗಳ ಯೊರುಬಾ ಜನರಲ್ಲಿ ಗೆಲೆಡೆ ಅಂತ ಒಂದು ಆಚರಣೆ ಇದೆ. ಓದಿದರೆ ಇದು ನಮ್ಮ ಹೊಸದುರ್ಗದ ಯಾವುದೋ ಹಳ್ಳಿಯ ವಿಷಯ ಅನ್ನಿಸಬೇಕು. ಮರದ ಮುಖ ಹೊತ್ತು ಕುಣಿಯೋರು ಗಂಡಸರು, ಕುಣಿಯೋದು ತಾಯಂದಿರನ್ನು ಮೆಚ್ಚಿಸೋದಕ್ಕೆ. ತಾಯಿಗೆ ಕಾಯೋ ಶಕ್ತಿಯೂ ಇದೆ, ಕೋಪ ಬಂದರೆ ಕೆಡಿಸೋ ಶಕ್ತಿಯೂ ಇದೆ ಅನ್ನೋ ನಂಬಿಕೆ. ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ, ಜೊತೆಗೆ ಬರ ಬಂದಾಗ, ಊರಿಗೆ ರೋಗ ಬಿದ್ದಾಗ. ಬರ, ರೋಗ, ಅಮ್ಮ! ಹಿರಿಯೂರಿನವನಿಗೆ ಇದನ್ನು ಬಿಡಿಸಿ ಹೇಳಬೇಕಾ? ಯುನೆಸ್ಕೊ 2001ರಲ್ಲಿ ಗೆಲೆಡೆಯನ್ನು ಮನುಕುಲದ ಪರಂಪರೆ ಅಂತ ಸಾರಿತು. ನನಗೆ ಇಷ್ಟವಾದ ವಿವರ ಬೇರೆ. ಗೆಲೆಡೆ ಮುಖವನ್ನು ಮುಖಕ್ಕೆ ಕಟ್ಟಲ್ಲ, ತಲೆಯ ಮೇಲೆ ಟೋಪಿಯ ಹಾಗೆ ಇಡ್ತಾರೆ. ಕುಣಿಯೋನು ಕೆಳಗಿನ ತೆಳು ಬಟ್ಟೆಯೊಳಗಿಂದ ನೋಡ್ತಾನೆ. ಅಂದರೆ ಜಗತ್ತಿನ ಎಷ್ಟೋ ಡ್ರಾಯಿಂಗ್ ರೂಮುಗಳಲ್ಲಿ ಕಣ್ಣಿನ ಮಟ್ಟಕ್ಕೆ ನೇತುಬಿದ್ದಿರೋ ಗೆಲೆಡೆ, ತಾನು ಹುಟ್ಟಾ ನೋಡದ ದಿಕ್ಕಿಗೆ ಮುಖ ಮಾಡಿಕೊಂಡಿದೆ.

ಆಫ್ರಿಕನ್ನರು ಈ ಜಗಳ ಶುರು ಮಾಡಿ ಬಹಳ ಕಾಲವಾಯ್ತು. 1897ರಲ್ಲಿ ಬ್ರಿಟಿಷರು ಬೆನಿನ್ ನಗರವನ್ನು (ಈಗಿನ ನೈಜೀರಿಯಾದ್ದು, ಬೆನಿನ್ ದೇಶದ್ದಲ್ಲ) ಸುಟ್ಟು ಲೂಟಿ ಮಾಡಿದಾಗ ರಾಣಿ ಇದಿಯಾಳ ದಂತದ ಮುಖವೂ ಹೋಯ್ತು. 1977ರಲ್ಲಿ ಲಾಗೋಸಿನಲ್ಲಿ ಕರಿಯರ ಕಲೆಗಳ ದೊಡ್ಡ ಹಬ್ಬ ನಡೆಸಿದಾಗ ಅದೇ ಮುಖವನ್ನು ಲಾಂಛನ ಮಾಡಿಕೊಂಡು, ಹಬ್ಬದಷ್ಟು ದಿನ ಸಾಲ ಕೊಡಿ ಅಂತ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಕೇಳಿದರು. ಬಹಳ ನಾಜೂಕಿನ ವಸ್ತು, ಪ್ರಯಾಣ ತಡೆಯಲ್ಲ ಅಂತ ಉತ್ತರ ಬಂತು. ಎಂಬತ್ತು ವರ್ಷದ ಹಿಂದೆ ಹಡಗಿನಲ್ಲಿ ಹೋಗುವಾಗ ತಡೆದಿತ್ತು, ವಾಪಸ್ ಬರೋಕೆ ಮಾತ್ರ ತಡೆಯಲ್ಲ! ಕೊನೆಗೆ ಹೊಸದೊಂದು ಕೆತ್ತಿಸಿ ಹಬ್ಬ ಮಾಡಿದರು.

ಇದು ಬಂದೂಕಿನ ಕಥೆ. ಬಂದೂಕಿನ ಕಥೆ ಓದಿ ನಮಗೆ ಸಿಟ್ಟು ಸುಲಭವಾಗಿ ಬರುತ್ತೆ. ನಮ್ಮ ನಾಲ್ಕು ತಾಲೂಕಿಗೆ ಹತ್ತಿರದ್ದು ಇನ್ನೊಂದು ಕಥೆ. 2021ರಲ್ಲಿ ಫ್ರಾನ್ಸಿನ ವೃದ್ಧ ದಂಪತಿ ಅಟ್ಟ ಖಾಲಿ ಮಾಡುವಾಗ ಸಿಕ್ಕ ಹಳೇ ಮರದ ಮುಖವಾಡವೊಂದನ್ನು ಗುಜರಿ ವ್ಯಾಪಾರಿಗೆ 150 ಯೂರೋಗೆ ಕೊಟ್ಟರು. ನಮ್ಮ ಲೆಕ್ಕದಲ್ಲಿ ಹದಿಮೂರು ಸಾವಿರ ರೂಪಾಯಿ ಅಂದುಕೊಳ್ಳಿ. ಗಂಡನ ಅಜ್ಜ ಆಫ್ರಿಕಾದಲ್ಲಿ ವಸಾಹತು ಗವರ್ನರ್ ಆಗಿದ್ದವನು, ಅವನ ಕಾಲದಿಂದ ಮನೆಯಲ್ಲಿ ಬಿದ್ದಿತ್ತು. ಮುಂದಿನ ವರ್ಷ ಮಾರ್ಚಿನಲ್ಲಿ ಮೊಂಪೆಲಿಯೆ ಊರಿನ ಹರಾಜಿನಲ್ಲಿ ಅದು ಹೋಗಿದ್ದು 42 ಲಕ್ಷ ಯೂರೋಗೆ, ಅಂದರೆ 35 ಕೋಟಿ ರೂಪಾಯಿ ಹತ್ತಿರ. ಪೇಪರಿನಲ್ಲಿ ಓದಿದ ದಂಪತಿ ಕೋರ್ಟಿಗೆ ಹೋದರು. ವ್ಯಾಪಾರಿ ತನಗೂ ಗೊತ್ತಿರಲಿಲ್ಲ ಅಂದ. 2023ರ ಡಿಸೆಂಬರಿನಲ್ಲಿ ಆಲೆಸ್ ಊರಿನ ಕೋರ್ಟು ವ್ಯಾಪಾರಿಯ ಪರ ತೀರ್ಪು ಕೊಟ್ಟಿತು: ಮಾರೋ ಮುಂಚೆ ವಿಚಾರಿಸಿಕೊಳ್ಳಬೇಕಾಗಿದ್ದು ನಿಮ್ಮ ಕೆಲಸ ಅಂತ.

ಆ ಮುಖ ಮಧ್ಯ ಆಫ್ರಿಕಾದ ಗಬೊನ್ ದೇಶದ ಫಾಂಗ್ ಜನರದ್ದು. ಬಿಳಿ ಜೇಡಿ ಬಳಿದ ಉದ್ದನೆಯ ಮುಖ. ಅದನ್ನು ಹಾಕಿಕೊಳ್ತಿದ್ದದ್ದು ನ್ಗಿಲ್ ಅನ್ನೋ ಕೂಟದವರು. ತಪ್ಪು ಮಾಡಿದವರನ್ನು, ಮಾಟ ಮಾಡಿದವರನ್ನು ಹುಡುಕಿ ನ್ಯಾಯ ತೀರಿಸೋದು ಅವರ ಕೆಲಸ. ಫ್ರೆಂಚ್ ಆಡಳಿತ ಆ ಕೂಟವನ್ನೇ ನಿಷೇಧಿಸಿತು. ಹರಾಜಿನ ದಿನ ಗಬೊನಿನ ಕೆಲವರು ಆ ಹಾಲಿನಲ್ಲಿ ಎದ್ದು ನಿಂತು ಇದು ನಮ್ಮದು ಅಂದರು. ಗಬೊನ್ ಸರ್ಕಾರ ಕೋರ್ಟಿಗೂ ಬಂತು, ಅದರ ಕೋರಿಕೆಯೂ ತಿರಸ್ಕಾರವಾಯ್ತು. ನ್ಯಾಯ ಹೇಳೋ ಮುಖ ನ್ಯಾಯಾಲಯದಲ್ಲೇ ಇತ್ತು ನೋಡಿ, ಕೇಳಿದ್ದು ಮಾತ್ರ ಎಷ್ಟಕ್ಕೆ ಮಾರಿದಿರಿ, ಎಷ್ಟಕ್ಕೆ ಹೋಯ್ತು ಅನ್ನೋದನ್ನ. ಮಾರೋಕೆ ನೀವು ಯಾರು ಅಂತ ಅಜ್ಜನ ಮೊಮ್ಮಗನನ್ನು ಕೇಳೋ ತಾಕತ್ತು ಆ ಕೋರ್ಟಿಗೆ ಇರಲಿಲ್ಲ.

ಈಗ ಊರಿಗೆ ಬನ್ನಿ. ನಮ್ಮಲ್ಲಿ ಸೋಮ ಹೊರಡೋಕೆ ಸೈನ್ಯ ಬೇಕಿಲ್ಲ, ಗವರ್ನರ್ ಬೇಕಿಲ್ಲ. ಒಂದು ಜೀರ್ಣೋದ್ಧಾರ ಸಾಕು. ಹೊಳಲ್ಕೆರೆ ಅಡಿಕೆಗೆ ರೇಟು ಬಂತು, ಹೊಸದುರ್ಗದ ದಾಳಿಂಬೆ ಕೈಹಿಡೀತು, ಇಲ್ಲಾ ಊರಿನ ನಾಲ್ಕು ಹುಡುಗರು ಬೆಂಗಳೂರಲ್ಲಿ ದುಡಿಯೋಕೆ ಶುರು ಮಾಡಿದರು ಅನ್ನಿ. ಮೊದಲು ಬದಲಾಗೋದು ಅಮ್ಮನ ಗುಡಿ. ಕರೀಕಲ್ಲಿನ ಗುಡಿಗೆ ಟೈಲ್ಸು, ಸ್ಟೀಲ್ ಕಂಬಿ, ಗ್ರಾನೈಟಿನ ನೆಲ, ಊರ ಬಾಗಿಲಿಗೆ ಸಿಮೆಂಟಿನ ಮಹಾದ್ವಾರ, ಅದರ ಮೇಲೆ ದಾನಿಗಳ ಹೆಸರು. ಹೊಳೆಯೋ ಗುಡಿಯಲ್ಲಿ ಹಳೇ ಸೋಮ ಯಾಕೋ ಮಂಕಾಗಿ ಕಾಣ್ತಾನೆ. ಮೂಗಿನ ತುದಿ ಮುಕ್ಕಾಗಿದೆ, ಕಿವಿ ಗೆದ್ದಲು ಹಿಡಿದಿದೆ. ಮುಕ್ಕಾದ ಮೂರ್ತಿ ಗುಡಿಯಲ್ಲಿ ಇರಬಾರದು ಅಂತ ಯಾರೋ ಶಾಸ್ತ್ರ ಹೇಳ್ತಾರೆ. ಅಷ್ಟು ಹೊತ್ತಿಗೆ ಹಳೇ ಪಾತ್ರೆ, ಹಳೇ ಬಾಗಿಲು, ತೊಟ್ಟಿಲು ಕೊಳ್ಳೋಕೆ ಬರೋ ವ್ಯಾಪಾರಿ ಟೆಂಪೊ ನಿಲ್ಲಿಸಿರ್ತಾನೆ. ಅವನ ಹಿಂದೆ ಬೆಂಗಳೂರಿನ ಅಂಗಡಿ, ಅಂಗಡಿ ಹಿಂದೆ ಡಿಸೈನರು, ಡಿಸೈನರ ಹಿಂದೆ ನಾವು. ಒಂದು ಕೈಯಿಂದ ಗ್ರಾನೈಟಿಗೆ ಫೋನ್‌ಪೇ ಮಾಡೋರೂ ನಾವೇ, ಇನ್ನೊಂದು ಕೈಯಿಂದ ಆ ಗ್ರಾನೈಟು ಹೊರಗೆ ತಳ್ಳಿದ್ದನ್ನು ಕೊಳ್ಳೋರೂ ನಾವೇ.

"ಊರವರೇ ಮಾರಿದ್ದಾರಲ್ಲ, ನಿಂದೇನು?" ಅಂತೀರಿ. ಊರವರು ಅಂದರೆ ಯಾರು? ಕಮಿಟಿಯ ಒಬ್ಬನಾ, ಪೂಜಾರಿಯ ಮಗನಾ, ಸೋಮನ ಪೆಟ್ಟಿಗೆ ಯಾರ ಅಟ್ಟದಲ್ಲಿತ್ತೋ ಆ ಮನೆಯವನಾ? ದೇವರ ಮೂರ್ತಿ ಕಾನೂನಿನ ಕಣ್ಣಲ್ಲಿ ಆಸ್ತಿ ಹೊಂದಬಲ್ಲ ವ್ಯಕ್ತಿ, ಅದೂ ಯಾವತ್ತೂ ದೊಡ್ಡವನಾಗದ ಮೈನರ್. ಮೈನರಿನ ಆಸ್ತಿ ನೋಡಿಕೊಳ್ಳೋನು ಅದನ್ನು ತನ್ನಿಷ್ಟಕ್ಕೆ ಮಾರಿಕೊಳ್ಳೋ ಹಾಗಿಲ್ಲ. ಗರ್ಭಗುಡಿಯ ಮೂರ್ತಿಗೆ ಸಲ್ಲೋ ಈ ನ್ಯಾಯ ಬಾಗಿಲಲ್ಲಿ ನಿಂತ ಸೋಮನಿಗೂ ಸಲ್ಲಬೇಕು ಅನ್ನೋದು ನನ್ನ ವಾದ. 1972ರ ಪುರಾವಸ್ತು ಕಾಯ್ದೆ ನೆಚ್ಚಿಕೊಂಡು ಕೂತರೆ ಉಪಯೋಗವಿಲ್ಲ. ಅದಕ್ಕೆ ನೂರು ವರ್ಷ ತುಂಬಿರಬೇಕು. ಹಬ್ಬಹಬ್ಬಕ್ಕೆ ಹೊಸ ಬಣ್ಣ ತಿಂದ ಮುಖಕ್ಕೆ ಎಷ್ಟು ವಯಸ್ಸು ಅಂತ ಯಾವ ಆಫೀಸರು ಹೇಳ್ತಾನೆ? ಎಂಬತ್ತು ವರ್ಷ ಪೂಜೆ ಮಾಡಿಸಿಕೊಂಡ ಸೋಮ ಆ ಕಾಯ್ದೆಗೆ ಬರೀ ಫರ್ನಿಚರ್.

ಇನ್ನೊಂದು ವಾದ, ಓದಿಕೊಂಡವರದ್ದು: "ಅಲ್ಲಿದ್ದರೆ ಗೆದ್ದಲು ತಿನ್ನುತ್ತೆ, ನನ್ನ ಮನೇಲಿ ಸೇಫಾಗಿರುತ್ತೆ." ಲಂಡನ್ನಿನವರು ಹೇಳಿದ್ದೂ ಇದನ್ನೇ ಅಲ್ವಾ? ಗೆದ್ದಲು ತಿಂದರೆ ತಿನ್ನಲಿ. ಮರ ಸಾಯೋದು ಊರಿಗೆ ಹೊಸದಲ್ಲ. ಹಳೇದು ಹೋದರೆ ಹೊಸದು ಕೆತ್ತಿಸ್ತಾರೆ, ಶಾಂತಿ ಮಾಡಿಸ್ತಾರೆ, ಕಣ್ಣು ಬರೆಸ್ತಾರೆ, ಮತ್ತೆ ಹೊರ್ತಾರೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನಲ್ಲಿ ಇದೇ ಆಗಿದ್ದು. ಅಲ್ಲಿನ ದೈವಸ್ಥಾನದ ಹಳೇ ಮರದ ಮೂರ್ತಿಗಳು ಇವತ್ತು ದೆಹಲಿಯ ಕರಕುಶಲ ಮ್ಯೂಸಿಯಮ್ಮಿನಲ್ಲಿವೆ, ಊರಲ್ಲಿ ಹೊಸ ಮೂರ್ತಿಗಳು ನಿಂತಿವೆ, ಪೂಜೆ ನಡೀತಿದೆ. ಅದರ ಬಗ್ಗೆಯೂ ಜಗಳ ಮಾಡಬಹುದು, ಮಾಡೋಣ. ಆದರೆ ದೆಹಲಿಯಲ್ಲಿ ಅವುಗಳ ಜೊತೆಗೆ ಮೆಕ್ಕೆಕಟ್ಟು ಅನ್ನೋ ಹೆಸರಾದರೂ ಇದೆ, ಊರಿನ ಮಗು ನಾಳೆ ಹೋಗಿ ಇದು ನಮ್ಮದು ಅಂತ ಬೆರಳು ತೋರಿಸಬಹುದು. ನಿಮ್ಮ ಹನ್ನೊಂದನೇ ಮಹಡಿಗೆ ಯಾರು ಬಂದು ಬೆರಳು ತೋರಿಸ್ತಾರೆ? ಸೆಕ್ಯೂರಿಟಿಯವನು ಗೇಟಲ್ಲೇ ತಡೀತಾನೆ.

ಹಾಗಂತ ಸರ್ಕಾರಿ ಸಂಸ್ಕೃತಿಯವರ ಪರ ನಾನಿಲ್ಲ. ಮೆರವಣಿಗೆಯಲ್ಲಿ ಡೊಳ್ಳಿನ ಹಿಂದೆ, ಕೀಲುಕುದುರೆ ಮುಂದೆ ಸೋಮನನ್ನು ನಡೆಸಿ, ಬ್ಯಾನರಿನಲ್ಲಿ "ಜಾನಪದ ಕಲಾತಂಡ" ಅಂತ ಬರೆದು, ಮಂತ್ರಿ ಬಂದ ಕೂಡಲೇ ನಿಲ್ಲಿಸಿ ಅನ್ನೋದು ಗೋಡೆಗೆ ಮೊಳೆ ಹೊಡೆದದ್ದಕ್ಕಿಂತ ಎಷ್ಟು ವಾಸಿ? ಅಲ್ಲಿ ಕನಿಷ್ಠ ಅರೆ ಸದ್ದು ಇರುತ್ತೆ, ಕುಣಿದವನಿಗೆ ನಾಲ್ಕು ಕಾಸು ಸಿಗುತ್ತೆ, ಅಷ್ಟೇ. 2022ರಲ್ಲಿ ಕಾಂತಾರ ಬಂದ ಮೇಲಂತೂ ಪಂಜುರ್ಲಿ ಮುಖ ಆನ್‌ಲೈನಿನಲ್ಲಿ ಗೋಡೆಗೆ, ಕಾರಿಗೆ, ಕೀಚೈನಿಗೆ ಎಲ್ಲದಕ್ಕೂ ಸಿಗ್ತಿದೆ. ತುಳುನಾಡಿನವರು ದೈವದ ವೇಷ ಹಾಕಿ ರೀಲ್ಸ್ ಮಾಡಬೇಡಿ ಅಂತ ಗಂಟಲು ಹರಿದುಕೊಂಡರು. ಸೋಮನ ಪುಣ್ಯ, ಅವನ ಮೇಲೆ ಇನ್ನೂ ಯಾರೂ ಸಿನಿಮಾ ಮಾಡಿ ಗೆದ್ದಿಲ್ಲ.

ಊರನ್ನು ಹೊಗಳಿ ಕೂರೋದೂ ನನ್ನಿಂದ ಆಗಲ್ಲ. ಸೋಮ ಕುಣಿಯೋ ಹಬ್ಬದಲ್ಲಿ ಯಾರು ಹೊರಬೇಕು, ಯಾರು ಬಡೀಬೇಕು, ಯಾರು ಎಷ್ಟು ದೂರ ನಿಲ್ಲಬೇಕು ಅನ್ನೋದರಲ್ಲಿ ಜಾತಿಯ ಲೆಕ್ಕ ಇದೆ. ಬಡಿಯೋ ಮನೆಯ ಹುಡುಗ ಡಿಗ್ರಿ ಮಾಡಿ, "ಗುಡಿ ಒಳಗೆ ಬಿಡದೇ ಇರೋ ಅಮ್ಮನಿಗೆ ನಾನ್ಯಾಕೆ ಬಡೀಲಿ" ಅಂದರೆ ಅವನ ಮಾತೇ ಸರಿ. ಅದರಿಂದ ಸೋಮ ಒಂದು ವರ್ಷ ಪೆಟ್ಟಿಗೆಯಲ್ಲೇ ಉಳಿದರೂ ಸರಿ. ಉಳಿದು ಊರು ಯೋಚನೆ ಮಾಡಲಿ. ಪೆಟ್ಟಿಗೆಯಲ್ಲಿರೋ ಸೋಮನನ್ನು ಮುಂದಿನ ವರ್ಷ ಜಗಳ ತೀರಿದ ಮೇಲೆ ಹೊರಗೆ ತೆಗೀಬಹುದು, ಆ ಹುಡುಗನನ್ನು ಗುಡಿ ಒಳಗೆ ಕರೆದು ಕೂರಿಸಿದ ಮೇಲೆ. ಮಾರಿಹೋದ ಸೋಮನ ಮುಂದೆ ಜಗಳವಾಡೋಕೂ ಆಗಲ್ಲ. ವ್ಯಾಪಾರಿ ಬಿಚ್ಚಿಕೊಂಡು ಹೋಗೋದು ಮರವನ್ನಷ್ಟೇ ಅಂದುಕೊಂಡಿದ್ದೀವಿ, ಆ ಊರು ತನ್ನ ಬಗ್ಗೆ ತಾನೇ ತೀರ್ಮಾನ ಮಾಡಿಕೊಳ್ಳೋಕೆ ಇದ್ದ ಒಂದು ದಿನವೂ ಜೊತೆಗೆ ಹೋಗುತ್ತೆ.

ಗೋಡೆಗೆ ಏನಾದರೂ ಬೇಕೇ ಬೇಕು ಅಂದರೆ ಹೊಸದು ಕೊಳ್ಳಿ. ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರ ಮನೆತನಗಳು ಇವತ್ತಿಗೂ ಮರದಲ್ಲಿ ದೇವರು, ಗೊಂಬೆ, ಹಕ್ಕಿ ಮಾಡ್ತಾರೆ. ಮಾರೋಕೆ ಅಂತಲೇ ಮಾಡ್ತಾರೆ. ಚೌಕಾಸಿ ಮಾಡದೆ ಕೊಡಿ. ಘಾನಾದ ಸುಳ್ಳು ಮುಖವಾಡವಾದರೂ ಪರವಾಗಿಲ್ಲ ಅಂತ ಆಗಲೇ ಹೇಳಿದೆ. ಆದರೆ ಅಂಗಡಿಯಲ್ಲಿ ಬಣ್ಣದ ಪದರ ಎದ್ದಿರೋ, ಅರಿಶಿನದ ಕಲೆ ಹೋಗದಿರೋ ಮುಖ ಕಂಡರೆ ಒಂದೇ ಪ್ರಶ್ನೆ ಕೇಳಿ: ಯಾವ ಊರು? "ಸೈಡ್" ಅಂತ ಉತ್ತರ ಬಂದರೆ ಹೊರಗೆ ಬನ್ನಿ. ಊರಿನ ಹೆಸರು ಬಂದರೆ ಇನ್ನೂ ಒಳ್ಳೇದು, ಆ ಊರಿನ ಪಂಚಾಯ್ತಿಗೆ ಫೋನ್ ಮಾಡಿ. ವಾಪಸ್ ಕೊಡಿಸೋಕೆ ಆಗದೇ ಇರಬಹುದು. ಊರಿಗೆ ಗೊತ್ತಾದರೂ ಆಗಲಿ.

ಕಮಿಟಿಯವರು ಮಹಾದ್ವಾರಕ್ಕೆ ಚಂದಾ ಕೇಳಿಕೊಂಡು ಬಂದಾಗಲೂ ಬಾಯಿ ಬಿಡಿ. ಗ್ರಾನೈಟಿಗೆ ಕೊಡಲ್ಲ, ಸೋಮನ ಬಟ್ಟೆಗೆ, ಅರೆಯ ಚರ್ಮಕ್ಕೆ, ಮೌರಿ ಊದೋನ ಕೂಲಿಗೆ ಕೊಡ್ತೀನಿ ಅನ್ನಿ. ನೋಡಿ, ಮುಖ ಹೇಗೆ ಸಣ್ಣದಾಗುತ್ತೆ! ಅವಕ್ಕೆ ಹೆಸರು ಕೆತ್ತೋ ಜಾಗ ಇಲ್ವಲ್ಲ.

ನಿಜವಾದ ಕೊರತೆ ದುಡ್ಡಿನದ್ದಂತೂ ಅಲ್ಲ. ಹೊರೋರದ್ದು. ಹೊರಬೇಕಾದ ಮನೆಯ ಹುಡುಗ ಪೀಣ್ಯದಲ್ಲಿ ಲೇತ್ ಮಷೀನಿನ ಮುಂದಿದ್ದಾನೆ, ಇಲ್ಲಾ ಬೆಳ್ಳಂದೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ. ಊರ ಹಬ್ಬ ಅಮ್ಮನ ವಾರ ನೋಡಿಕೊಂಡು ಮಂಗಳವಾರವೋ ಶುಕ್ರವಾರವೋ ಬಂದುಬಿಡುತ್ತೆ, ವೀಕೆಂಡಿಗೆ ಕಾಯಲ್ಲ. ಅಕ್ಟೋಬರ್ ಕೊನೆಗೆ ಹ್ಯಾಲೋವೀನ್ ಅಂತ ಪ್ಲಾಸ್ಟಿಕ್ ಮುಖ ಹಾಕಿಕೊಂಡು ಕೆಫೆಟೇರಿಯಾದಲ್ಲಿ ಕುಣಿಯೋಕೆ ಎಚ್ಚಾರ್‌ನವರೇ ಮೇಲ್ ಕಳಿಸ್ತಾರೆ. ತಾತನ ಕಾಲದ ಮರದ ಮುಖ ಹೊತ್ತು ಅಮ್ಮನ ಮುಂದೆ ಕುಣಿಯೋಕೆ ರಜೆ ಕೇಳೋದಕ್ಕೆ ಮಾತ್ರ ನಮಗೆ ನಾಚಿಕೆ. ಜ್ವರ ಅಂತೀವಿ, ಅಜ್ಜಿಗೆ ಹುಷಾರಿಲ್ಲ ಅಂತೀವಿ. ಎಷ್ಟು ಸಲ ಅಂತ ಆ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸ್ತೀರಿ? ಮೆಜೆಸ್ಟಿಕ್ಕಿನಲ್ಲಿ ರಾತ್ರಿ ಬಸ್ಸು ಹತ್ತಿದರೆ ಹಿರಿಯೂರು ದಾಟಿ ಬೆಳಗಾಗೋಷ್ಟರಲ್ಲಿ ಹೊಸದುರ್ಗ. ಊರಿಗೆ ಫೋನ್ ಮಾಡಿ ಈ ಸಲ ಹಬ್ಬ ಯಾವತ್ತು ಅಂತ ಕೇಳಿ, ಅರ್ಜಿ ಇವತ್ತೇ ಹಾಕಿ. ಕಾರಣ ಅಂತ ಇರೋ ಡಬ್ಬಿಯಲ್ಲಿ "ಪರ್ಸನಲ್" ಅಂತ ಬರೀಬೇಡಿ. "ಸೋಮನನ್ನು ಹೊರಬೇಕು" ಅಂತ ಬರೀರಿ. ಮ್ಯಾನೇಜರ್ ಅರ್ಥ ಕೇಳಿದರೆ ಕೂರಿಸಿಕೊಂಡು ಹೇಳಿ.